ಗೇಟಿನಲ್ಲಿ ಬಾಟಲಿ ಇಳಿಸಿಕೊಳ್ಳುವವರು ಒಳಗೆ ನೀರು ಕೊಡಲಿ

ಮಾನ್ಯ ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಸಚಿವರಿಗೆ ಹಾಗೂ ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,

ನಮಸ್ಕಾರ.

ನಾನು ಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮಲ್ಲಿ ಟೂರ್ ಮಾತು ಶುರು. ಅರಮನೆ, ಮೃಗಾಲಯ, ಕೆಆರ್‌ಎಸ್ ಎಲ್ಲ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಆದರೆ ಮಕ್ಕಳು ಕಣ್ಣರಳಿಸಿ ಕೇಳುವುದು ಒಂದನ್ನೇ: "ಮಿಸ್, ವಾಟರ್ ಪಾರ್ಕಿಗೂ ಹೋಗೋಣ ಮಿಸ್." ಸಮುದ್ರ ನೋಡದ ಮಕ್ಕಳಿಗೆ ಅಲೆಯ ಕೊಳ ಅಂದರೆ ಏನೆಂದು ನಿಮಗೆ ಗೊತ್ತು. ಹಾಗಾಗಿ ಕರೆದುಕೊಂಡು ಹೋಗುತ್ತೇವೆ. ಈ ಪತ್ರ ಆ ಪಾರ್ಕುಗಳ ಒಳಗೆ ಮಾರುವ ನೀರು, ತಂಪು ಪಾನೀಯಗಳ ಬೆಲೆಯ ಬಗ್ಗೆ. ಸರಿಯಾಗಿ ಹೇಳಬೇಕೆಂದರೆ, ಆ ಬೆಲೆಗೆ ದಾರಿ ಮಾಡಿಕೊಟ್ಟಿರುವ ಗೇಟಿನ ಬಗ್ಗೆ.

ಯಾವ ಪಾರ್ಕಿನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಒಂದೇ ಪಾರ್ಕಿನ ಮಾತಾಗಿದ್ದರೆ ಅಲ್ಲಿನ ಮ್ಯಾನೇಜರ್‌ಗೆ ದೂರು ಕೊಟ್ಟು ಸುಮ್ಮನಾಗುತ್ತಿದ್ದೆ. ಇದು ಬೇರೆ ಬೇರೆ ಊರಿನ ಪಾರ್ಕುಗಳಲ್ಲಿ ನಾನು ಕಂಡದ್ದು. ಬೇರೆ ಶಾಲೆಗಳ ಶಿಕ್ಷಕರೂ ಇದನ್ನೇ ಹೇಳುತ್ತಾರೆ.

ಗೇಟಿನಲ್ಲಿ ಏನಾಗುತ್ತದೆ ಎಂದು ಮೊದಲು ಹೇಳುತ್ತೇನೆ. ಬ್ಯಾಗ್ ತಪಾಸಣೆಯ ಮೇಜಿನ ಪಕ್ಕ ಒಂದು ದೊಡ್ಡ ಡ್ರಮ್ ಇರುತ್ತದೆ. ಅದರ ತುಂಬ ಬಾಟಲಿಗಳು. ಅರ್ಧ ಕುಡಿದದ್ದು, ಮುಚ್ಚಳವನ್ನೇ ತೆಗೆಯದ್ದು, ಮನೆಯಿಂದ ತಂದ ಹಳೇ ಜ್ಯೂಸ್ ಬಾಟಲಿಗೆ ತುಂಬಿದ ಬೋರ್‌ವೆಲ್ ನೀರು. ಒಂದು ಸಲ ನಮ್ಮ ಸಾಲಿನ ಮುಂದೆ ಮೊಮ್ಮಕ್ಕಳ ಜೊತೆ ಬಂದಿದ್ದ ಒಬ್ಬ ಅಜ್ಜಿ ನಿಂತಿದ್ದರು. ಸೆಕ್ಯುರಿಟಿ ಹುಡುಗ "ಅಜ್ಜಿ, ನೀರು ಒಳಗೆ ಬಿಡಲ್ಲ, ಇಲ್ಲೇ ಹಾಕಿ" ಎಂದ. ಅಜ್ಜಿ ಬಾಟಲಿಯನ್ನು ಡ್ರಮ್ಮಿಗೆ ಹಾಕಲಿಲ್ಲ. ಪಕ್ಕಕ್ಕೆ ಸರಿದು, ನಿಂತುಕೊಂಡೇ ಇಡೀ ಬಾಟಲಿ ಕುಡಿದರು. ನಡುನಡುವೆ ಉಸಿರು ತೆಗೆದುಕೊಂಡು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಮತ್ತೆ ಕುಡಿದರು. "ನೀರು ಚೆಲ್ಲಬಾರದು ಕಣಪ್ಪಾ" ಅಂದರು. ಆ ಹುಡುಗ ತಲೆ ತಗ್ಗಿಸಿದ. ಅವನದೇನೂ ತಪ್ಪಿಲ್ಲ. ನಿಯಮ ಅವನು ಮಾಡಿದ್ದಲ್ಲ.

ಒಳಗೆ ಹೋದ ಮೇಲೆ ಲೆಕ್ಕ ಬದಲಾಗುತ್ತದೆ. ಹೊರಗೆ ಅಂಗಡಿಯಲ್ಲಿ ಒಂದು ಲೀಟರ್ ನೀರು 20 ರೂಪಾಯಿ. ಒಳಗೆ ಸಿಗುವುದು ಅರ್ಧ ಲೀಟರಿನ ಬಾಟಲಿ, ಅದಕ್ಕೆ 40 ರೂಪಾಯಿ ಕೊಟ್ಟಿದ್ದೇನೆ. ಕಾಗದದ ಲೋಟದ ಕೋಲಾಕ್ಕೆ 100 ದಾಟುತ್ತದೆ. ಮೊದಲೆಲ್ಲ ಎರಡು ವರ್ಷಕ್ಕೊಮ್ಮೆ ಏರುತ್ತಿದ್ದ ಬೆಲೆ ಈಗ ಪ್ರತಿ ಸೀಸನ್‌ಗೂ ಏರುತ್ತಿದೆ. ನಮ್ಮ ಮಕ್ಕಳ ಕಿಸೆಯಲ್ಲಿ ಇರುವುದು ಮನೆಯವರು ಕೊಟ್ಟ ನೂರು, ಇನ್ನೂರು ರೂಪಾಯಿ. ಅದರಲ್ಲಿ ತಂಗಿಗೊಂದು ಬಳೆ, ಅಮ್ಮನಿಗೊಂದು ಕೀಚೈನ್ ತರುವ ಆಸೆಯೂ ಇರುತ್ತದೆ.

ಆ ಕಾಗದದ ಲೋಟದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ವ್ಯವಹಾರ ಅದರಲ್ಲೇ ಕಾಣುತ್ತದೆ. ಪೊಟ್ಟಣ ಕಟ್ಟಿದ ಯಾವುದೇ ವಸ್ತುವಿನ ಮೇಲೆ ಎಂಆರ್‌ಪಿ ಇರಲೇಬೇಕು, ಅಂಗಡಿಯವರು ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ಹೇಳುವುದು ಇದನ್ನೇ. ಒಂದೇ ಬಾಟಲಿಗೆ ಹೊರಗೆ ಒಂದು ಎಂಆರ್‌ಪಿ, ಮಾಲ್ ಮತ್ತು ವಿಮಾನ ನಿಲ್ದಾಣದಲ್ಲಿ ಇನ್ನೊಂದು ಎಂಆರ್‌ಪಿ ಮುದ್ರಿಸುವ ಚಾಳಿಗೆ 2018ರ ಜನವರಿ 1ರಿಂದ ತಡೆಯೂ ಬಿತ್ತು. ಆದರೆ ಯಂತ್ರದಿಂದ ಲೋಟಕ್ಕೆ ಸುರಿಯುವ ಕೋಲಾಕ್ಕೆ ಎಂಆರ್‌ಪಿಯೇ ಇಲ್ಲ. ಅದು ಪೊಟ್ಟಣವಲ್ಲ. ಸಿರಪ್, ನೀರು ಮತ್ತು ಗ್ಯಾಸನ್ನು ಯಂತ್ರ ಅಲ್ಲೇ ಬೆರೆಸುತ್ತದೆ. ಲೋಟಕ್ಕೆ ಮೊದಲು ಐಸ್ ಬೀಳುತ್ತದೆ, ಆಮೇಲೆ ಕೋಲಾ. ನಮ್ಮ ಹುಡುಗರು ನಾಲ್ಕು ಜನ ದುಡ್ಡು ಹಾಕಿ ಒಂದು ಲೋಟ ಕೊಂಡಿದ್ದರು. ಸರದಿಯ ಮೇಲೆ ಒಬ್ಬೊಬ್ಬರು ಎರಡು ಗುಟುಕು. ಕೊನೆಯ ಹುಡುಗನ ಕೈಗೆ ಬಂದಾಗ ಬರೀ ಐಸ್ ಉಳಿದಿತ್ತು. ಅವನು ಅದನ್ನೇ ಕಟಕಟ ಕಡಿದು, ಕರಗಿದ ನೀರು ಕುಡಿದ. ಯಾರ ಮೇಲೂ ಬೇಸರ ಮಾಡಿಕೊಳ್ಳಲಿಲ್ಲ. ಬೇಸರವಾದದ್ದು ನನಗೆ.

ಬೆಲೆ ಏರಿದ್ದಕ್ಕೆ ತೆರಿಗೆ ಕಾರಣ ಎಂದು ಕೌಂಟರಿನಲ್ಲಿ ಹೇಳುತ್ತಾರೆ. ಅದನ್ನು ಪರಿಶೀಲಿಸಿ ನೋಡಿ ಸ್ವಾಮಿ. ಪಾರ್ಕಿನ ಟಿಕೆಟ್ ಮೇಲಿನ ಜಿಎಸ್‌ಟಿ 2017ರಲ್ಲಿ ಶೇ 28 ಇತ್ತು. 2018ರ ಜನವರಿಯಲ್ಲಿ ಅದು ಶೇ 18ಕ್ಕೆ ಇಳಿಯಿತು. ಸಿಹಿ ತಂಪು ಪಾನೀಯದ ಮೇಲೆ ಮೊದಲು ಶೇ 28 ತೆರಿಗೆ ಮತ್ತು ಶೇ 12 ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಒಟ್ಟಿಗೆ ಶೇ 40. ಅಂದರೆ ಏನೂ ಹೆಚ್ಚಾಗಿಲ್ಲ. ಬಾಟಲಿ ನೀರಿನ ಮೇಲಿನ ತೆರಿಗೆಯಂತೂ ಅದೇ ದಿನ ಶೇ 18ರಿಂದ ಶೇ 5ಕ್ಕೆ ಇಳಿಯಿತು. ರೈಲ್ವೆಯವರು ಕೂಡಲೇ ರೈಲ್ ನೀರ್ ಬಾಟಲಿಯ ಬೆಲೆಯನ್ನು 15ರಿಂದ 14 ರೂಪಾಯಿಗೆ ತಂದರು. ಒಂದೇ ರೂಪಾಯಿ, ಆದರೂ ಇಳಿಸಿದರು. ಆ ಇಳಿಕೆ ನಾನು ಹೋದ ಪಾರ್ಕಿನ ಬೋರ್ಡಿನ ಮೇಲೆ ಕಾಣಲಿಲ್ಲ.

ನಿಜವಾದ ಕಾರಣ ಬೇರೆ. ಟಿಕೆಟ್ ದರವನ್ನು ಎಲ್ಲರೂ ಮನೆಯಲ್ಲೇ ಕೂತು ಹೋಲಿಸಿ ನೋಡುತ್ತಾರೆ. ಆನ್‌ಲೈನ್ ರಿಯಾಯಿತಿ, ಗುಂಪಿಗೆ ರಿಯಾಯಿತಿ, ಶಾಲೆಗೆ ರಿಯಾಯಿತಿ ಎಂದು ಪಾರ್ಕುಗಳು ಪೈಪೋಟಿ ನಡೆಸುವುದು ಅಲ್ಲೇ. ನೀರಿನ ದರವನ್ನು ಯಾರೂ ಮುಂಚೆ ನೋಡುವುದಿಲ್ಲ, ತೋರಿಸುವುದೂ ಇಲ್ಲ. ಷೇರುಪೇಟೆಯಲ್ಲಿರುವ ಪಾರ್ಕ್ ಕಂಪನಿಗಳ ವರದಿ ತೆಗೆದು ನೋಡಿ. ಒಬ್ಬ ಸಂದರ್ಶಕನಿಂದ ಟಿಕೆಟ್ ಲೆಕ್ಕದಲ್ಲಿ ಎಷ್ಟು ಬಂತು, ಟಿಕೆಟ್ ಬಿಟ್ಟು ಬೇರೆ ಲೆಕ್ಕದಲ್ಲಿ ಎಷ್ಟು ಬಂತು ಎಂದು ಬೇರೆ ಬೇರೆಯಾಗಿ ಬರೆಯುತ್ತಾರೆ. ಊಟ, ಪಾನೀಯ, ಬಾಡಿಗೆ ಲಾಕರ್, ಈಜುಡುಗೆ ಎಲ್ಲ ಆ ಎರಡನೇ ಲೆಕ್ಕ. ಅದರಲ್ಲಿ ತಪ್ಪೇನಿಲ್ಲ, ವ್ಯಾಪಾರ ಅವರ ಕೆಲಸ. ಮಾವಿನ ಹಣ್ಣಿನ ಮಿಲ್ಕ್‌ಶೇಕ್‌ಗೆ 200 ರೂಪಾಯಿ ಇಡಲಿ, ಬೇಕಾದವರು ಕೊಳ್ಳುತ್ತಾರೆ, ಬೇಡವಾದವರು ಬಿಡುತ್ತಾರೆ. ನೀರನ್ನು ಹಾಗೆ ಬಿಡಲು ಆಗುತ್ತದೆಯೇ? ಅದರಲ್ಲೂ ಕೈಯಲ್ಲಿದ್ದ ನೀರನ್ನು ಗೇಟಿನಲ್ಲಿ ಇಳಿಸಿಕೊಂಡ ಮೇಲೆ?

ವಾಟರ್ ಪಾರ್ಕಿನಲ್ಲಿ ಬಾಯಾರಿಕೆ ಜಾಸ್ತಿ. ಸುತ್ತ ನೀರಿರುವುದರಿಂದ ಬೆವರುವುದು ಗೊತ್ತಾಗುವುದಿಲ್ಲ. ಕ್ಲೋರಿನ್ ಹಾಕಿದ ನೀರು ಬಾಯಿ, ಮೂಗಿಗೆ ಹೋಗಿ ಗಂಟಲು ಕೆರೆಯುತ್ತದೆ. ಜಾರುಬಂಡೆಗೆ ಮೆಟ್ಟಿಲು ಹತ್ತಿ ಹತ್ತಿ ಕಾಲು ಸೋಲುತ್ತದೆ. ಏಪ್ರಿಲ್, ಮೇ ರಜೆಯಲ್ಲಿ ಹೋದವರಿಗೆ ಬಿಸಿಲಿಗೆ ಕಾದ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಲೂ ಆಗುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ನಿಮ್ಮದೇ ಸರ್ಕಾರದ ಆರೋಗ್ಯ ಇಲಾಖೆ ಹೇಳುತ್ತದೆ: ಬಾಯಾರಿಕೆ ಆಗದಿದ್ದರೂ ಆಗಾಗ ನೀರು ಕುಡಿಯಿರಿ, ಮಜ್ಜಿಗೆ, ಓಆರ್‌ಎಸ್ ಕುಡಿಯಿರಿ, ಹೊರಗೆ ಹೋಗುವಾಗ ನೀರು ಜೊತೆಗಿರಲಿ. ನಾನೂ ತರಗತಿಯಲ್ಲಿ ಅದನ್ನೇ ಹೇಳುತ್ತೇನೆ. ಆಮೇಲೆ ಅದೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಾಟಲಿಗಳನ್ನೆಲ್ಲ ಗೇಟಿನಲ್ಲಿ ಬಿಡಿ ಎನ್ನಬೇಕಾಗುತ್ತದೆ.

ಜನ ಇದಕ್ಕೆ ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ. ಕೆಲವರು ರಾತ್ರಿಯೇ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು ಮಂಜುಗಡ್ಡೆ ಮಾಡಿ ತರುತ್ತಾರೆ. ಮದ್ಯ ಬೆರೆಸಿದ್ದಾರೆ ಎಂಬ ಅನುಮಾನ ಬರಬಾರದು ಅಂತ. ಕೆಲವರು ಖಾಲಿ ಸ್ಟೀಲ್ ಬಾಟಲಿ ತಂದು ಒಳಗೆ ನಲ್ಲಿ ಹುಡುಕುತ್ತಾರೆ. ಕೂಸಿನ ಹಾಲಿನ ಬಾಟಲಿಗೆ ತಡೆ ಇಲ್ಲದ ಕಡೆ ಅದರಲ್ಲೇ ನೀರು ತುಂಬುತ್ತಾರೆ. ಮಧ್ಯಾಹ್ನ ಕೈಗೆ ಸೀಲ್ ಹಾಕಿಸಿಕೊಂಡು ಹೊರಗೆ ಬಂದು, ಪಾರ್ಕಿಂಗ್‌ನಲ್ಲಿ ಕಾರಿನ ಡಿಕ್ಕಿ ತೆರೆದು ಮೊಸರನ್ನ ತಿಂದು, ಕ್ಯಾನಿನ ನೀರು ಕುಡಿದು ಮತ್ತೆ ಒಳಗೆ ಹೋಗುವ ಕುಟುಂಬಗಳನ್ನು ಎಷ್ಟೋ ಕಂಡಿದ್ದೇನೆ. ಒಮ್ಮೆ ಹೊರಗೆ ಬಂದರೆ ಮತ್ತೆ ಬಿಡುವುದಿಲ್ಲ ಎನ್ನುವ ಪಾರ್ಕಿನಲ್ಲಿ ಆ ದಾರಿಯೂ ಇಲ್ಲ. ಸಂಜೆ ಗೇಟಿನ ಹೊರಗಿನ ಎಳನೀರಿನವರ ಮುಂದೆ, ಗೋಲಿಸೋಡ ಗಾಡಿಯ ಮುಂದೆ ಜನ ಮುಗಿಬೀಳುವುದನ್ನು ನೋಡಿದರೆ ಒಳಗೆ ಅವರು ಹೇಗೆ ತಡೆದುಕೊಂಡಿದ್ದರು ಎಂದು ಗೊತ್ತಾಗುತ್ತದೆ.

ನಾವು ಶಿಕ್ಷಕರು ಮಾಡುವುದು ಇನ್ನೊಂದು. ಬಸ್ಸಿನಲ್ಲಿ 20 ಲೀಟರಿನ ಕ್ಯಾನ್‌ಗಳನ್ನು ಇಟ್ಟುಕೊಂಡಿರುತ್ತೇವೆ. ನಮ್ಮ ಊರಿನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ. ಸರ್ಕಾರವೇ ಹಾಕಿಸಿಕೊಟ್ಟ ಘಟಕ ಅದು, ಅದಕ್ಕೆ ನಾವು ಋಣಿ. ಗೇಟಿಗೆ ಹೋಗುವ ಮುಂಚೆ ಪ್ರತಿ ಮಗುವಿಗೂ ಎರಡು ಲೋಟ ನೀರು ಕುಡಿಸಿ ಒಳಗೆ ಬಿಡುತ್ತೇವೆ. ಅರ್ಧ ಗಂಟೆಯಲ್ಲಿ ಹೆಣ್ಣುಮಕ್ಕಳು ಶೌಚಾಲಯದ ಸಾಲಿನಲ್ಲಿ ನಿಂತಿರುತ್ತಾರೆ. ಎರಡನೇ ಸಲ ಹೋದ ಮಕ್ಕಳು ಜಾಣರಾಗಿ, ನೀರು ಬೇಡ ಮಿಸ್ ಎನ್ನುತ್ತಾರೆ. ಸಂಜೆ ಬಸ್ಸಿನಲ್ಲಿ ತಲೆನೋವು, ವಾಂತಿ ಎಂದು ಮಲಗುವವರೂ ಅವರೇ. ಈ ಉಪಾಯಗಳನ್ನೆಲ್ಲ ನೋಡಿ ನಮ್ಮ ಜನ ಹೇಗೋ ಸಂಭಾಳಿಸುತ್ತಾರೆ ಅಂತ ದಯವಿಟ್ಟು ಬಿಡಬೇಡಿ. ಕಾರಿರುವವರು ಸಂಭಾಳಿಸುತ್ತಾರೆ, ಕಾರ್ಡ್ ಇರುವವರು ಸಂಭಾಳಿಸುತ್ತಾರೆ. ನಮ್ಮ ಮಕ್ಕಳು ಬಾಯಾರಿಕೊಂಡೇ ಇರುತ್ತಾರೆ.

ಒಳಗೆ ಕುಡಿಯುವ ನೀರಿನ ನಲ್ಲಿಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇರುತ್ತದೆ. ಶೌಚಾಲಯದ ಗೋಡೆಯ ಪಕ್ಕ, ಬಟ್ಟೆ ಬದಲಾಯಿಸುವ ಕೋಣೆಯ ಹಿಂದೆ. ಬೋರ್ಡ್ ಇರುವುದಿಲ್ಲ, ಲೋಟ ಇರುವುದಿಲ್ಲ, ಕೆಲವು ಕಡೆ ನೀರು ಉಗುರು ಬೆಚ್ಚಗೆ ಬರುತ್ತದೆ. ಮಾರುವ ಬಾಟಲಿ ಮಾತ್ರ ಪ್ರತಿ ಜಾರುಬಂಡೆಯ ಕೆಳಗೂ ಐಸ್‌ಪೆಟ್ಟಿಗೆಯಲ್ಲಿ ಸಿಗುತ್ತದೆ. ಈಜುಡುಗೆಯಲ್ಲಿರುವ ಮಗು, ಬ್ಯಾಗನ್ನು ಲಾಕರಿನಲ್ಲಿಟ್ಟ ಮಗು, ಎಲ್ಲಿಗೆ ಹೋಗುತ್ತದೆ ಹೇಳಿ.

ಪಾನೀಯ ಮಾರಲೆಂದೇ ನೀರು ಸುಲಭವಾಗಿ ಸಿಗದ ಹಾಗೆ ಮಾಡುತ್ತಾರೆ ಎಂಬ ಅನುಮಾನ ಥೀಮ್ ಪಾರ್ಕಿನಷ್ಟೇ ಹಳೆಯದು. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಮೊದಲ ಡಿಸ್ನಿಲ್ಯಾಂಡ್ ಬಾಗಿಲು ತೆರೆದ ದಿನ ವಿಪರೀತ ಬಿಸಿಲು. ಕೊಳಾಯಿ ಕೆಲಸಗಾರರ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿಗಳು ಸಿದ್ಧವಾಗಿರಲಿಲ್ಲ. ಶೌಚಾಲಯ ಮೊದಲು ಆಗಲಿ ಎಂದು ವಾಲ್ಟ್ ಡಿಸ್ನಿ ತೀರ್ಮಾನಿಸಿದ್ದರು. ಪೆಪ್ಸಿ ಮಾರಾಟವಾಗಲಿ ಎಂದೇ ನೀರು ನಿಲ್ಲಿಸಿದ್ದಾರೆ ಎಂದು ಜನ ಬೈದರು. ಆದರೆ ಇವತ್ತು ಅದೇ ಡಿಸ್ನಿಲ್ಯಾಂಡಿಗೆ ನೀವು ಮನೆಯಿಂದ ನೀರು, ತಿಂಡಿ ತೆಗೆದುಕೊಂಡು ಹೋಗಬಹುದು. ಗಾಜಿನ ಪಾತ್ರೆ, ಮದ್ಯ ಇರಬಾರದು ಅಷ್ಟೆ. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲೂ ಹಾಗೆಯೇ. ತಂಪು ಪಾನೀಯದ ಯಂತ್ರವಿರುವ ಕೌಂಟರಿಗೆ ಹೋಗಿ ಕೇಳಿದರೆ ಒಂದು ಲೋಟ ಐಸ್ ನೀರು ಬಿಟ್ಟಿ ಕೊಡುತ್ತಾರೆ. ಅಲ್ಲಿ ಪಾನೀಯ ಅಗ್ಗವೇನಲ್ಲ, ಬಹಳ ದುಬಾರಿ. ಅಮೆರಿಕದಲ್ಲಿರುವ ನಮ್ಮ ಕನ್ನಡದವರು ಊರಿಂದ ಬಂದ ಅಪ್ಪ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗುವಾಗ ಬ್ಯಾಗಿನಲ್ಲಿ ಚಿತ್ರಾನ್ನದ ಡಬ್ಬಿ, ನೀರಿನ ಬಾಟಲಿ ಧೈರ್ಯವಾಗಿ ಇಟ್ಟುಕೊಳ್ಳುತ್ತಾರೆ.

ಇದನ್ನು ಹೇಳಲು ಕಾರಣವಿದೆ. ಬೃಂದಾವನ ಉದ್ಯಾನವನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಬೆಳೆಸುವ ಮಾತು ನಮ್ಮ ರಾಜ್ಯದಲ್ಲಿ 2018ರಿಂದ ನಡೆಯುತ್ತಲೇ ಇದೆ. ಆ ಮಾದರಿಯನ್ನು ತರುವುದಾದರೆ ಮೊದಲು ಅಲ್ಲಿನ ಗೇಟಿನ ನಿಯಮ ತನ್ನಿ ಎಂದು ಕೇಳಿಕೊಳ್ಳುತ್ತೇನೆ. ಅದಕ್ಕೆ ಸಾವಿರಾರು ಕೋಟಿ ಬೇಕಾಗಿಲ್ಲ.

ಶಾಂಘೈ ಡಿಸ್ನಿಲ್ಯಾಂಡ್‌ನಲ್ಲಿ ಹೊರಗಿನ ತಿಂಡಿಗೆ ತಡೆ ಇತ್ತು. 2019ರಲ್ಲಿ ಒಬ್ಬ ಕಾನೂನು ವಿದ್ಯಾರ್ಥಿನಿ ಕೋರ್ಟಿಗೆ ಹೋದಳು. ಅಮೆರಿಕದ ಪಾರ್ಕುಗಳಲ್ಲಿ ಇಲ್ಲದ ತಡೆ ಇಲ್ಲಿ ಯಾಕೆ ಎಂಬ ಪ್ರಶ್ನೆ ದೇಶದ ತುಂಬ ಚರ್ಚೆಯಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪಾರ್ಕ್ ನಿಯಮ ಸಡಿಲಿಸಿತು, ಆಕೆಗೆ 50 ಯುವಾನ್ ಕೊಟ್ಟು ರಾಜಿ ಮಾಡಿಕೊಂಡಿತು. ಪಾರ್ಕು ಮುಚ್ಚಿಹೋಗಲಿಲ್ಲ. ಜನ ಈಗಲೂ ಸಾಲುಗಟ್ಟಿ ಹೋಗುತ್ತಾರೆ.

ನಮ್ಮ ದೇಶದ ನ್ಯಾಯಾಲಯಗಳು ಏನು ಹೇಳಿವೆ ಎಂದು ನಿಮ್ಮ ಅಧಿಕಾರಿಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬರೆಯುತ್ತೇನೆ, ಈ ಪತ್ರ ಓದುವ ಪೋಷಕರಿಗೂ ತಿಳಿಯಲಿ. 2015ರಲ್ಲಿ ಅಗರ್ತಲಾದ ಒಂದು ಚಿತ್ರಮಂದಿರದ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಸ್ಪಷ್ಟವಾಗಿ ಹೇಳಿತು: ಹೊರಗಿನ ನೀರು ಬೇಡ ಎನ್ನುವುದಾದರೆ ಒಳಗೆ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು, ಕೊಡದಿದ್ದರೆ ಅದು ಸೇವೆಯ ಲೋಪ. 2023ರ ಜನವರಿ 3ರಂದು ಸುಪ್ರೀಂ ಕೋರ್ಟ್, ಹೊರಗಿನ ತಿಂಡಿಗೆ ತಡೆ ಹಾಕುವ ಹಕ್ಕು ಚಿತ್ರಮಂದಿರದ ಮಾಲೀಕರಿಗೆ ಇದೆ ಎಂದಿತು. ಪಾರ್ಕಿನವರು ಈ ತೀರ್ಪನ್ನು ತೋರಿಸುತ್ತಾರೆ. ಆದರೆ ಚಿತ್ರಮಂದಿರಗಳು ಶುದ್ಧ ನೀರನ್ನು ಉಚಿತವಾಗಿ ಕೊಡುತ್ತವೆ, ಕೂಸುಗಳಿಗೆ ಬೇಕಾದ ಆಹಾರ ಒಯ್ಯಲು ಬಿಡುತ್ತವೆ ಎಂಬ ಮಾತನ್ನೂ ಅದೇ ಆದೇಶದಲ್ಲಿ ಕೋರ್ಟ್ ಒತ್ತಿ ಹೇಳಿದೆ. ಹಕ್ಕು ತೆಗೆದುಕೊಂಡವರು ಹೊಣೆಯನ್ನೂ ತೆಗೆದುಕೊಳ್ಳಬೇಕು ಅಲ್ವಾ? ಅದೂ ಸಿನಿಮಾ ಎಂದರೆ ಎಸಿಯಲ್ಲಿ ಕೂರುವ ಮೂರು ಗಂಟೆ. ಪಾರ್ಕು ಎಂದರೆ ಬಿಸಿಲಿನಲ್ಲಿ ಇಡೀ ದಿನ.

ಇನ್ನೊಂದು ತೀರ್ಪು 2017ರ ಡಿಸೆಂಬರ್‌ನದು. ಹೋಟೆಲು, ರೆಸ್ಟೋರೆಂಟುಗಳು ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಮಾರುವುದು ಬರೀ ನೀರನ್ನಲ್ಲ, ಕೂರುವ ಜಾಗ, ಬಡಿಸುವ ಸೇವೆ ಎಲ್ಲ ಸೇರಿದೆ ಎಂಬುದು ಕಾರಣ. ಸರಿ. ಪಾರ್ಕಿನ ರೆಸ್ಟೋರೆಂಟಿನಲ್ಲಿ ಕೂತು ಊಟ ಮಾಡುವವರಿಗೆ ಅದು ಅನ್ವಯವಾಗಲಿ. ಆದರೆ ಬಿಸಿಲಿನಲ್ಲಿ ನಿಂತು, ಕಿಟಕಿಯಿಂದ ಬಾಟಲಿ ಈಸಿಕೊಂಡು ಹೋಗುವ ಗೂಡಂಗಡಿಯಲ್ಲಿ ಯಾವ ಕುರ್ಚಿ ಇದೆ, ಯಾವ ಸೇವೆ ಇದೆ? ಗೂಡಂಗಡಿ ರೆಸ್ಟೋರೆಂಟೇ, ಅಂಗಡಿಯೇ ಎಂಬುದನ್ನು ಕಾನೂನು ಮಾಪನಶಾಸ್ತ್ರ ಇಲಾಖೆ ಸ್ಪಷ್ಟಪಡಿಸಲಿ. ನನ್ನ ಮಟ್ಟಿಗೆ ಅದು ಅಂಗಡಿ.

ನಾನು ದರಕ್ಕೆ ಮಿತಿ ಹಾಕಿ ಎಂದು ಕೇಳುತ್ತಿಲ್ಲ. ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಎಂದು ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಆದೇಶ ಮಾಡಿತು. ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದೇ ಪ್ರಕರಣ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ನೀರಿನ ಬಾಟಲಿಗೆ 100 ರೂಪಾಯಿ, ಕಾಫಿಗೆ 700 ರೂಪಾಯಿ ತೆಗೆದುಕೊಳ್ಳುತ್ತೀರಿ ಎಂದು ನ್ಯಾಯಮೂರ್ತಿಗಳೇ ಮಲ್ಟಿಪ್ಲೆಕ್ಸಿನವರಿಗೆ ಹೇಳಿದ್ದರು. ದರದ ಆದೇಶ ಕೋರ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ವರ್ಷಗಳು ಹೋಗುತ್ತವೆ. ನೀರಿನ ವಿಷಯ ಹಾಗಲ್ಲ. ಕೋರ್ಟು, ಆಯೋಗ ಎರಡೂ ದಾರಿ ತೋರಿಸಿಬಿಟ್ಟಿವೆ. ಅದನ್ನು ಪಾರ್ಕುಗಳ ಪರವಾನಗಿಗೆ ಸೇರಿಸುವ ಕೆಲಸ ಮಾತ್ರ ಬಾಕಿ.

ಪಾರ್ಕಿನವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಕೋಲಾ ಬಾಟಲಿಯಲ್ಲಿ ಮದ್ಯ ಬೆರೆಸಿ ತರುವವರು ಇದ್ದಾರೆ. ಕುಡಿದವರು ಕೊಳಕ್ಕೆ ಇಳಿದರೆ ಜೀವಕ್ಕೇ ಅಪಾಯ. ಗಾಜು ಒಡೆದರೆ ಬರಿಗಾಲಿನ ಮಕ್ಕಳಿಗೆ ಗಾಯ. ಪ್ಲಾಸ್ಟಿಕ್ ಮುಚ್ಚಳ ಫಿಲ್ಟರಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಇದೆಲ್ಲ ನಿಜ. ಅದಕ್ಕೆ ಗೇಟಿನಲ್ಲಿ ಒಂದು ಗುಟುಕು ಕುಡಿದು ತೋರಿಸಿ ಎನ್ನಲಿ. ಗಾಜು ಬೇಡ ಎನ್ನಲಿ. ಪ್ಲಾಸ್ಟಿಕ್ ಬಾಟಲಿಗೆ ಸ್ಟಿಕ್ಕರ್ ಅಂಟಿಸಿ ಹತ್ತು ರೂಪಾಯಿ ಠೇವಣಿ ಇಟ್ಟುಕೊಂಡು, ವಾಪಸ್ ತಂದಾಗ ಕೊಡಲಿ. ಸ್ಟೀಲ್ ಬಾಟಲಿಯನ್ನಾದರೂ ಬಿಡಲಿ. ಹೊರಗಿನ ಪ್ಲಾಸ್ಟಿಕ್ ಕಸವಾಗುತ್ತದೆ ಎನ್ನುವ ಪಾರ್ಕು ಒಳಗೆ ಪ್ಲಾಸ್ಟಿಕ್ ಬಾಟಲಿಯನ್ನೇ ಮಾರುತ್ತಿದ್ದರೆ ಆ ಮಾತನ್ನು ನಾನು ಒಪ್ಪುವುದಿಲ್ಲ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಪಾರ್ಕುಗಳಿಗೆ ಒಂದು ಸುತ್ತೋಲೆ ಹೊರಡಿಸಿ. ಗಾಜಲ್ಲದ ಬಾಟಲಿಯಲ್ಲಿ ಕುಡಿಯುವ ನೀರು ತಂದರೆ ತಡೆಯಬಾರದು. ತಡೆಯುವುದೇ ಆದರೆ, ತಣ್ಣಗಿನ ಶುದ್ಧ ನೀರು ಉಚಿತವಾಗಿ ಸಿಗಬೇಕು, ಪಾನೀಯ ಮಾರುವ ಪ್ರತಿ ಕೌಂಟರಿನ ಪಕ್ಕದಲ್ಲೇ, ದೊಡ್ಡ ಕನ್ನಡ ಬೋರ್ಡಿನ ಜೊತೆ. ಟಿಕೆಟ್ ಕೌಂಟರಿನಲ್ಲಿ, ಟಿಕೆಟ್ ಕೊಳ್ಳುವ ವೆಬ್‌ಸೈಟಿನಲ್ಲಿ ಒಳಗಿನ ನೀರು, ಮಜ್ಜಿಗೆ, ತಂಪು ಪಾನೀಯದ ಬೆಲೆ ಮತ್ತು ಅಳತೆ ಮುಂಚೆಯೇ ಕಾಣಬೇಕು. ಲೋಟದ ಪಾನೀಯಕ್ಕೆ ಐಸ್ ಬಿಟ್ಟು ಎಷ್ಟು ಮಿಲಿಲೀಟರ್ ಎಂದು ಬರೆದಿರಬೇಕು.

ಇನ್ನೊಂದು ಆಸೆಯೂ ಇದೆ. ಕೋಲ್ಕತ್ತ ವಿಮಾನ ನಿಲ್ದಾಣದಲ್ಲಿ 2024ರ ಡಿಸೆಂಬರ್‌ನಲ್ಲಿ ಉಡಾನ್ ಯಾತ್ರಿ ಕೆಫೆ ಶುರುವಾಯಿತು. ನೀರಿಗೆ 10 ರೂಪಾಯಿ, ಚಹಾಕ್ಕೆ 10 ರೂಪಾಯಿ. ಪಕ್ಕದಲ್ಲಿ ದುಬಾರಿ ಅಂಗಡಿಗಳೂ ಇವೆ, ಅವೂ ನಡೆಯುತ್ತಿವೆ. ಆಮೇಲೆ ಚೆನ್ನೈಗೂ ಬಂತು. ನಮ್ಮಲ್ಲಿ ಕೆಎಂಎಫ್ ಇದೆ. ಪ್ರವಾಸೋದ್ಯಮ ನೀತಿಯಡಿ ಸರ್ಕಾರದಿಂದ ಜಾಗ, ಸಬ್ಸಿಡಿ ಅಥವಾ ತೆರಿಗೆ ವಿನಾಯಿತಿ ಕೇಳುವ ಪ್ರತಿ ಪಾರ್ಕಿನಲ್ಲೂ ಎಂಆರ್‌ಪಿಗೆ ಮಾರುವ ಒಂದು ನಂದಿನಿ ಮಳಿಗೆ ಇರಲಿ ಎಂದು ಷರತ್ತು ಹಾಕಿ. ಬಿಸಿಲಿಗೆ ಒಂದು ಪ್ಯಾಕೆಟ್ ಮಸಾಲೆ ಮಜ್ಜಿಗೆಗಿಂತ ಒಳ್ಳೆಯದು ಯಾವುದಿದೆ? ಹಾಲು ಕೊಡುವ ನಮ್ಮ ಊರಿನವರಿಗೂ ಒಂದು ವ್ಯಾಪಾರವಾಗುತ್ತದೆ.

ಓದುವ ಪೋಷಕರಿಗೆ ಒಂದು ಮಾತು. ಸೀಲ್ ಇರುವ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಂಡರೆ ಬಿಲ್ ಕೇಳಿ ಪಡೆಯಿರಿ, ಬಾಟಲಿ ಮತ್ತು ಬಿಲ್ಲಿನ ಫೋಟೊ ತೆಗೆದುಕೊಳ್ಳಿ, 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 20 ರೂಪಾಯಿಗೆ ಯಾರು ಓಡಾಡುತ್ತಾರೆ ಎಂದು ಸುಮ್ನೆ ಬಂದುಬಿಡಬೇಡಿ. ದೂರು ದಾಖಲಾದರೆ ಮಾತ್ರ ಇಲಾಖೆಯವರು ಹೋಗಿ ನೋಡಲು ಆಧಾರ ಸಿಗುತ್ತದೆ.

ಮಾನ್ಯ ಸಚಿವರೇ, ಈ ಸಲದ ಟೂರ್‌ಗೆ ನವೆಂಬರ್‌ನಲ್ಲೇ ಬಸ್ಸು, ಟಿಕೆಟ್ ಬುಕ್ ಮಾಡುತ್ತೇವೆ. ಪೋಷಕರಿಗೆ ಕಳಿಸುವ ಪತ್ರದಲ್ಲಿ ಏನೇನು ತರಬೇಕು ಎಂಬ ಪಟ್ಟಿ ಇರುತ್ತದೆ: ಒಂದು ಜೊತೆ ಬಟ್ಟೆ, ಟವೆಲ್, ಮಾತ್ರೆ ಇದ್ದರೆ ಮಾತ್ರೆ. ನೀರಿನ ಬಾಟಲಿ ಎಂದು ಅದರಲ್ಲಿ ಸೇರಿಸಬಹುದೋ ಇಲ್ಲವೋ, ಅಷ್ಟರೊಳಗೆ ನಿಮ್ಮ ಇಲಾಖೆಯಿಂದ ತಿಳಿಸಿ.

ಇಂತಿ,
ಒಬ್ಬ ಪ್ರೌಢಶಾಲಾ ಶಿಕ್ಷಕಿ